ಎಡಬ್ಲ್ಯುಡಿ ಗಾಡಿಗೆ ಬೇರೆ ಬೇರೆ ಟೈರ್ ಹಾಕಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ಎಲ್ಲರೂ ಟೈರ್ ಬಗ್ಗಿ ನೋಡಲು ಶುರು ಮಾಡುತ್ತಾರೆ. ಮಳೆ ಹಿಡಿದ ಮೇಲೆ ಘಾಟಿಯಲ್ಲಿ ಜಾರಿದರೆ ಕಷ್ಟ ಅಂತ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಫೋನ್ ಬರುವುದೂ ಆಗಲೇ. ಅಕ್ಟೋಬರ್ ಹೊತ್ತಿಗೆ ಕೆನಡಾ, ಅಮೆರಿಕದಲ್ಲಿರುವ ನೆಂಟರ ಸರದಿ, ಅವರಿಗೆ ಹಿಮದ ಚಿಂತೆ. ಊರು ಬೇರೆಯಾದರೂ ಕೇಳುವುದು ಹೆಚ್ಚುಕಮ್ಮಿ ಒಂದೇ: ಎಡಬ್ಲ್ಯುಡಿ, ಅಂದರೆ ಆಲ್-ವೀಲ್ ಡ್ರೈವ್ ಗಾಡಿಯ ನಾಲ್ಕು ಟೈರಿನಲ್ಲಿ ಎರಡು ಬೇರೆ ಥರದ್ದು ಹಾಕಿದರೆ ಏನಾಗುತ್ತದೆ? ಹತ್ತಾರು ಸಲ ಹೇಳಿದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

"ಆಲ್-ವೀಲ್ ಡ್ರೈವ್, ಫೋರ್ ಬೈ ಫೋರ್ ಎರಡೂ ಒಂದೇ ಅಲ್ವಾ ಸರ್? ನಾಲ್ಕೂ ಚಕ್ರ ತಿರುಗುತ್ತೆ ತಾನೇ?"

ಒಂದೇ ಅಲ್ಲ. ಟೈರ್ ವಿಷಯದಲ್ಲಂತೂ ಈ ವ್ಯತ್ಯಾಸವೇ ಮುಖ್ಯ.

ಜಿಮ್ನಿ, ಥಾರ್, ಹಳೇ ಜಿಪ್ಸಿ, ತೋಟದ ಜೀಪು ಇವುಗಳಲ್ಲಿ ನಿಮ್ಮ ಕೈಯಲ್ಲಿ ಒಂದು ಲಿವರ್ ಇರುತ್ತದೆ. 2ಎಚ್‌ನಲ್ಲಿ ಇಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಮಾತ್ರ ಹೋಗುತ್ತದೆ. ಕೆಸರು ಸಿಕ್ಕಾಗ ನೀವು 4ಎಚ್ ಹಾಕುತ್ತೀರಿ, ದಾಟಿದ ಮೇಲೆ ತೆಗೆಯುತ್ತೀರಿ. ಇದು ಬೇಕಾದಾಗ ಮಾತ್ರ ಹಾಕುವ ಫೋರ್ ಬೈ ಫೋರ್.

ಡಸ್ಟರ್ ಎಡಬ್ಲ್ಯುಡಿ, ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್, ಎಕ್ಸ್‌ಯುವಿ700 ಎಡಬ್ಲ್ಯುಡಿ, ಹೊರದೇಶದಲ್ಲಾದರೆ ಸುಬಾರು ಗಾಡಿಗಳು, ಇವುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸಂಬಂಧವನ್ನು ಗಾಡಿಯೇ ನೋಡಿಕೊಳ್ಳುತ್ತದೆ. ಒಣ ರಸ್ತೆಯಲ್ಲಿ, ಹೈವೇಯಲ್ಲಿ, ಮನೆಯಿಂದ ಅಂಗಡಿಗೆ ಹೋಗುವಾಗಲೂ ಆ ಭಾಗ ಕೆಲಸಕ್ಕೆ ಸಿದ್ಧವಾಗಿಯೇ ಇರುತ್ತದೆ. ನಾಲ್ಕು ಟೈರ್ ಒಂದೇ ಸಮ ಇಲ್ಲದಿದ್ದರೆ ಅದಕ್ಕೆ ಬಿಡುವೇ ಸಿಗುವುದಿಲ್ಲ.

"ಎರಡು ಟೈರ್ ಸವೆದಿದೆ, ಉಳಿದೆರಡು ಚೆನ್ನಾಗಿದೆ. ಎರಡು ಮಾತ್ರ ಹೊಸದು ಹಾಕಿದ್ರೆ ಏನಾಗುತ್ತೆ?"

ಲೆಕ್ಕ ಹಾಕಿ ನೋಡೋಣ. ಡಸ್ಟರ್‌ಗೆ ಬರುವ 215/65 ಆರ್16 ಟೈರ್ ತೆಗೆದುಕೊಳ್ಳಿ. ಹೊಸದಾಗಿದ್ದಾಗ ಅದರ ಸುತ್ತಳತೆ ಸುಮಾರು 2,155 ಮಿ.ಮೀ. ಟ್ರೆಡ್ (ನೆಲಕ್ಕೆ ತಾಗುವ, ಗೀರು ಗೀರಾದ ರಬ್ಬರ್) 8 ಮಿ.ಮೀ. ಆಳ ಇದ್ದದ್ದು ಸವೆದು 3 ಮಿ.ಮೀ.ಗೆ ಬಂದರೆ ಸುತ್ತಳತೆ 31 ಮಿ.ಮೀ.ನಷ್ಟು ಇಳಿಯುತ್ತದೆ. ಅಂದರೆ ಒಂದು ಕಿಲೋಮೀಟರ್ ಓಡಲು ಹೊಸ ಟೈರ್ ಸುಮಾರು 464 ಸುತ್ತು ಹಾಕಿದರೆ, ಸವೆದದ್ದು 471 ಸುತ್ತು ಹಾಕಬೇಕು. ಕಿಲೋಮೀಟರಿಗೆ ಏಳು ಸುತ್ತು, ಏನು ಮಹಾ ಅನಿಸುತ್ತದೆ. ಬೆಂಗಳೂರಿನಿಂದ ಮಡಿಕೇರಿಗೆ 250 ಕಿ.ಮೀ. ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಸವೆದ ಟೈರ್ ಹೊಸದಕ್ಕಿಂತ ಸುಮಾರು 1,700 ಸುತ್ತು ಜಾಸ್ತಿ ಹಾಕಿರುತ್ತದೆ.

ಬರೀ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಇದರಿಂದ ತೊಂದರೆ ಇಲ್ಲ. ಹಿಂದಿನ ಚಕ್ರ ತನ್ನ ಪಾಡಿಗೆ ಉರುಳುತ್ತದೆ. ಎಡಬ್ಲ್ಯುಡಿಯಲ್ಲಿ ಹಾಗಲ್ಲ, ಮುಂದೆ ಹಿಂದೆ ನಡುವೆ ಒಂದು ಕಪ್ಲಿಂಗ್ ಅಥವಾ ಸೆಂಟರ್ ಡಿಫರೆನ್ಷಿಯಲ್ ಇದೆ. ಆ 1,700 ಸುತ್ತಿನ ವ್ಯತ್ಯಾಸವನ್ನೆಲ್ಲ ಅದೇ ನುಂಗಬೇಕು. ತಿರುವಿನಲ್ಲಿ ಆಗುವ ಸಣ್ಣ ವ್ಯತ್ಯಾಸ ತಾಳಿಕೊಳ್ಳಲು ಮಾಡಿದ ಭಾಗ ಅದು. ತಿರುವು ಮುಗಿದ ಕೂಡಲೇ ಅದಕ್ಕೆ ಬಿಡುವು ಸಿಗಬೇಕು. ಟೈರ್ ಬೇರೆ ಬೇರೆ ಇದ್ದರೆ ನೇರ ರಸ್ತೆಯಲ್ಲೂ ಅದು ಜಾರುತ್ತಲೇ, ಬಿಸಿಯಾಗುತ್ತಲೇ ಇರುತ್ತದೆ. ಆಯಿಲ್ ಕೆಡುತ್ತದೆ, ಕ್ಲಚ್ ಪ್ಲೇಟ್ ಸುಡುತ್ತದೆ.

ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ನನ್ನ ಹಿಂದಿನ ಎಡಬ್ಲ್ಯುಡಿ ಕಾರಿಗೆ ಮುಂದಿನ ಎರಡು ಟೈರ್ ಮಾತ್ರ ಬದಲಿಸಿದ್ದೆ. ಅಂಗಡಿಯವರು "ಜೋಡಿ ಹಾಕಿದರೆ ಸಾಕು" ಅಂದರು, ನಾನೂ ಒಪ್ಪಿದೆ. ಕೆಲವು ತಿಂಗಳಲ್ಲೇ ಇಕ್ಕಟ್ಟಾದ ತಿರುವಿನಲ್ಲಿ ಗಾಡಿ ಹಿಡಿದು ಹಿಡಿದು ಬಿಡಲು ಶುರುವಾಯಿತು. ಕೊನೆಗೆ ಕಪ್ಲಿಂಗ್ ಬದಲಿಸಬೇಕಾಯಿತು. ಎರಡು ಟೈರ್ ಉಳಿಸಲು ಹೋಗಿ ಅದರ ಹಲವು ಪಟ್ಟು ಕಳೆದುಕೊಂಡೆ. ಇಷ್ಟೆಲ್ಲ ಬರೆಯುವುದಕ್ಕೆ ಅದೇ ಕಾರಣ. ನೀವು ಹಾಗೆ ಕಳೆದುಕೊಳ್ಳಬೇಡಿ.

"ಹಾಗಾದ್ರೆ ಎಷ್ಟು ವ್ಯತ್ಯಾಸ ಇದ್ರೆ ಪರವಾಗಿಲ್ಲ?"

ನಿಮ್ಮ ಗಾಡಿಯ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ಸುಬಾರು ಕಂಪನಿ ಬಹಳ ಕಟ್ಟುನಿಟ್ಟು: ನಾಲ್ಕು ಟೈರ್‌ಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ, ಅಂದರೆ ಸುಮಾರು 6 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಟ್ರೆಡ್ ಆಳದ ಲೆಕ್ಕಕ್ಕೆ ತಂದರೆ ಅದು ಬರೀ 1 ಮಿ.ಮೀ. ಮ್ಯಾನ್ಯುಯಲ್‌ನಲ್ಲಿ ಏನೂ ಬರೆದಿಲ್ಲದಿದ್ದರೆ, ಟ್ರೆಡ್ ಆಳದಲ್ಲಿ ಒಂದೂವರೆಯಿಂದ 2 ಮಿ.ಮೀ. ದಾಟಬೇಡಿ. ನಾನು ನನ್ನ ಗಾಡಿಗೆ ಒಂದೂವರೆ ಅಂತ ಇಟ್ಟುಕೊಂಡಿದ್ದೇನೆ.

"ಮನೆಯಲ್ಲೇ ಅಳೆಯೋಕೆ ಆಗುತ್ತಾ?"

ಖಂಡಿತ ಆಗುತ್ತದೆ. ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿರುವಾಗ ಎಲ್ಲದಕ್ಕೂ ಸರಿಯಾದ ಗಾಳಿ ಹಾಕಿ. ಟ್ರೆಡ್ ಗೇಜ್ ತುಂಬಾ ದುಬಾರಿಯಲ್ಲ, ಒಂದು ತಂದಿಟ್ಟುಕೊಳ್ಳಿ. ಒಂದೊಂದು ಟೈರಿನಲ್ಲಿ ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆಯಿರಿ. ಒಳಗಿನ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಗೇಜ್ ಲೆಕ್ಕ ನಾಲ್ಕೂ ಒಂದೇ ಕಂಪನಿಯ ಒಂದೇ ಮಾಡೆಲ್ ಟೈರ್ ಆಗಿದ್ದಾಗ ಮಾತ್ರ ಸರಿ. ಬೇರೆ ಬೇರೆ ಮಾಡೆಲ್ ಇದ್ದರೆ ಸುತ್ತಳತೆಯನ್ನೇ ಅಳೆಯಬೇಕು. ಜಾಕ್ ಕೊಟ್ಟು ಚಕ್ರ ಸ್ವಲ್ಪ ಎತ್ತಿ, ದರ್ಜಿಗಳ ಟೇಪಿನ ಹಾಗೆ ಬಾಗುವ, ಆದರೆ ಅದಕ್ಕಿಂತ ಉದ್ದದ ಟೇಪನ್ನು ಟ್ರೆಡ್‌ನ ನಟ್ಟನಡುವೆ ಸುತ್ತಿ ನೋಡಿ. ಟೇಪ್ ಓರೆಯಾದರೆ ಅಳತೆ ತಪ್ಪುತ್ತದೆ. ಟೇಪ್ ಇಲ್ಲದಿದ್ದರೆ ಟೈರಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸಮ ನೆಲದಲ್ಲಿ ಗಾಡಿಯನ್ನು ಐದು ಸುತ್ತು ತಳ್ಳಿ. ಒಂದೊಂದು ಚಕ್ರವೂ ತನ್ನ ಐದು ಸುತ್ತು ಮುಗಿಸಿದ ದೂರ ಅಳೆದು ಹೋಲಿಸಿ. ಇದಕ್ಕೆ ಇಬ್ಬರು ಬೇಕು, ಆದರೆ ಗಾಡಿಯ ಭಾರ ಟೈರಿನ ಮೇಲೆ ಇರುವಾಗಲೇ ಅಳೆದ ಹಾಗಾಗುತ್ತದೆ.

"ಸೈಜ್ ಒಂದೇ ಅಣ್ಣಾ, ಕಂಪನಿ ಮಾತ್ರ ಬೇರೆ. ಅದಕ್ಕೂ ಬೇಡ ಅಂತೀರಾ?"

ಬೇಡ ಅಂತಲೇ ಹೇಳುತ್ತೇನೆ. ಟೈರ್ ಪಕ್ಕದಲ್ಲಿ ಬರೆದಿರುವುದು ಹೆಸರಿನ ಸೈಜ್. ಅದೇ ಸೈಜ್ ಬರೆದ ಎರಡು ಕಂಪನಿಯ ಟೈರ್‌ಗಳು ಟೇಪ್ ಹಿಡಿದಾಗ ಕೆಲವು ಮಿಲಿಮೀಟರ್ ಹೆಚ್ಚುಕಮ್ಮಿ ಬರುವುದು ಮಾಮೂಲಿ. ಅದರ ಮೇಲೆ ರಬ್ಬರ್ ಬೇರೆ, ಪಕ್ಕದ ಗೋಡೆಯ ಗಡಸುತನ ಬೇರೆ, ಒದ್ದೆ ರಸ್ತೆ ಹಿಡಿಯುವ ರೀತಿ ಬೇರೆ. ಎರಡೂ ಒಂದೇ ದಿನ ಹೊಸದಾಗಿ ಹಾಕಿದ್ದರೂ ಸವೆಯುವ ವೇಗ ಒಂದೇ ಇರುವುದಿಲ್ಲ. ಇವತ್ತು ಹೊಂದುವುದು ಹತ್ತು ಸಾವಿರ ಕಿಲೋಮೀಟರ್ ಆದ ಮೇಲೆ ಹೊಂದದೇ ಹೋಗಬಹುದು.

## ಟೈರಿನ ಜಾತಿ ಬೆರೆಸುವಾಗ

"ಎಚ್‌ಟಿ, ಎಟಿ, ಎಂಟಿ ಅಂದ್ರೆ ಏನು?"

ಎಚ್‌ಟಿ ಅಂದರೆ ಟಾರು ರಸ್ತೆಗೆ ಮಾಡಿದ ಟೈರ್. ಸದ್ದು ಕಡಿಮೆ, ಒದ್ದೆ ಟಾರಿನ ಮೇಲೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಎಟಿ ಟಾರಿಗೂ ಮಣ್ಣಿಗೂ ಆಗುತ್ತದೆ. ಎಂಟಿ ಅಂದರೆ ಮಡ್ ಟೈರ್. ದಪ್ಪ ದಪ್ಪ ಕಟ್ಟೆಗಳು, ನಡುವೆ ಅಗಲವಾದ ಸಂದು, ಕೆಸರನ್ನು ತಾನೇ ಕೊಡವಿಕೊಳ್ಳುತ್ತದೆ. ಟಾರಿನ ಮೇಲೆ ಸದ್ದು ಜಾಸ್ತಿ, ನೆಲಕ್ಕೆ ತಾಗುವ ರಬ್ಬರ್ ಕಡಿಮೆ.

"ತೋಟದ ದಾರಿ ಕೆಸರು. ಎಡಬ್ಲ್ಯುಡಿ ಕಾರಿಗೆ ಹಿಂದೆ ಎರಡು ಎಟಿ ಹಾಕಿ ಮುಂದೆ ಎಚ್‌ಟಿ ಬಿಡ್ಲಾ?"

ಬೇಡ. ಸುತ್ತಳತೆಯ ಕಥೆ ಮೇಲೆ ಹೇಳಿದ್ದೇ. ಇಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಈ ಥರದ ಕಾರುಗಳಲ್ಲಿ ಹೆಚ್ಚಿನವು ಮುಖ್ಯವಾಗಿ ಮುಂದಿನ ಚಕ್ರದಿಂದಲೇ ಎಳೆಯುತ್ತವೆ. ಮುಂದಿನದು ಜಾರಿತು ಅಂತ ಸೆನ್ಸರ್‌ಗೆ ಗೊತ್ತಾದಾಗ, ಅಥವಾ ಜಾರಬಹುದು ಅಂತ ಅಂದಾಜಾದಾಗ, ಹಿಂದಕ್ಕೆ ಶಕ್ತಿ ಕಳಿಸುತ್ತವೆ. ಕೆಸರಿನಲ್ಲಿ ಮೊದಲು ಒದ್ದಾಡುವುದು ಮುಂದಿನ ಎಚ್‌ಟಿ. ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಹಿಂದಿನ ಎಟಿ ಗಟ್ಟಿಯಾಗಿ ತಳ್ಳಿದರೂ ಹೋಗಬೇಕಾದ ಕಡೆಗೆ ಹೋಗುವುದಿಲ್ಲ.

ವರ್ಷದಲ್ಲಿ ನಾಲ್ಕು ತಿಂಗಳು ಮಣ್ಣಿನ ದಾರಿಯಲ್ಲಿ ಓಡಾಡುವವರಾದರೆ ನಾಲ್ಕಕ್ಕೂ ಎಟಿ ಹಾಕಿಸಿ. ಟಾರಿಗೂ ಹೊಂದುವ ಮೆದು ನಮೂನೆಯ ಎಟಿ ಈಗ ಸಿಗುತ್ತದೆ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದಕ್ಕೆ ತಯಾರಾಗಿರಿ.

"ನಮ್ಮ ಹಳೇ ಜೀಪಿಗೆ ಹಿಂದೆ ಮಾತ್ರ ಮಡ್ ಟೈರ್ ಹಾಕಿ ಇಪ್ಪತ್ತು ವರ್ಷದಿಂದ ಓಡಿಸ್ತಿದ್ದೀವಿ. ಏನೂ ಆಗಿಲ್ವಲ್ಲ?"

ಆಗಿಲ್ಲದಿರುವುದಕ್ಕೆ ಕಾರಣ ಇದೆ. ನಿಮ್ಮ ಜೀಪು ಟಾರಿನ ಮೇಲೆ 2ಎಚ್‌ನಲ್ಲಿ ಓಡುತ್ತದೆ. ಆಗ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಸಂಬಂಧವೇ ಇಲ್ಲ. 4ಎಚ್ ಹಾಕುವುದು ಕೆಸರಿನಲ್ಲಿ. ಅಲ್ಲಿ ಟೈರ್ ಜಾರುವುದರಿಂದ ಗೇರಿನೊಳಗೆ ಬಿಗಿ ಉಳಿಯುವುದಿಲ್ಲ. ಅದೇ ಜೀಪನ್ನು ಒಣ ಟಾರಿನ ಮೇಲೆ 4ಎಚ್‌ನಲ್ಲಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ಬಿಗಿದುಕೊಳ್ಳುತ್ತದೆ. ಲಿವರ್ ವಾಪಸ್ ಬರುವುದಿಲ್ಲ. ಆಗ ಲಿವರ್ ಮೇಲೆ ಬಲ ಹಾಕಬೇಡಿ, ಸ್ವಲ್ಪ ದೂರ ರಿವರ್ಸ್ ಬನ್ನಿ, ಬಿಗಿ ಬಿಟ್ಟ ಮೇಲೆ ತಾನೇ ಸಡಿಲವಾಗುತ್ತದೆ.

ನನಗೆ ಭಯ ಇರುವುದು ಗೇರಿನ ಬಗ್ಗೆ ಅಲ್ಲ, ಚಾರ್ಮಾಡಿ ಘಾಟಿಯ ಬಗ್ಗೆ. ಜುಲೈ ಮಳೆಯಲ್ಲಿ ಘಾಟಿ ಇಳಿಯುತ್ತಿದ್ದೀರಿ ಅಂದುಕೊಳ್ಳಿ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದಿರುತ್ತದೆ, ಹಿಂಭಾಗ ಹಗುರ. ಆ ಹಗುರ ಭಾಗದಲ್ಲೇ ಒದ್ದೆ ಟಾರಿಗೆ ಕಡಿಮೆ ಹಿಡಿತದ ಮಡ್ ಟೈರ್. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಮೊದಲು ಬಿಡುವುದು ಹಿಂದಿನ ಚಕ್ರವೇ. ಜೀಪು ಬಾಲ ಬೀಸಿದ ಹಾಗೆ ತಿರುಗುತ್ತದೆ. ಹಳೇ ಜೀಪಿನಲ್ಲಿ ಎಬಿಎಸ್ ಕೂಡ ಇಲ್ಲ. ತೋಟದ ಗೇಟ್ ದಾಟದ ಜೀಪಾದರೆ ಹಾಗೇ ಇರಲಿ. ಕೆಳಗೆ ಉಜಿರೆ, ಧರ್ಮಸ್ಥಳಕ್ಕೆ ಮನೆಯವರನ್ನು ಕರೆದುಕೊಂಡು ಹೋಗುವ ಜೀಪಾದರೆ ದಯವಿಟ್ಟು ನಾಲ್ಕೂ ಒಂದೇ ಥರ ಮಾಡಿಸಿ.

"ಎರಡೇ ಹಾಕೋ ಪರಿಸ್ಥಿತಿ ಬಂದ್ರೆ ಹೊಸದು ಮುಂದೆ ಹಾಕ್ಬೇಕಾ, ಹಿಂದೆಯಾ?"

ಹಿಂದೆ. ಜೋಡಿ ಹಾಕುವಾಗ ಯಾವ ಕಾರಿಗೂ ಇದೇ ಮಾತು. ಮುಂದಿನ ಚಕ್ರ ನೀರಿನ ಮೇಲೆ ಜಾರಿದರೆ ಸ್ಟೀರಿಂಗ್ ಹಗುರಾಗಿ ನಿಮಗೆ ತಿಳಿಯುತ್ತದೆ, ಕಾಲು ತೆಗೆದರೆ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಗೊತ್ತಾಗುವಷ್ಟರಲ್ಲಿ ಗಾಡಿ ತಿರುಗಿರುತ್ತದೆ. ಎಡಬ್ಲ್ಯುಡಿಗಾದರೆ ಮೊದಲು ಗೇಜ್ ಹಿಡಿದು ನೋಡಿ. ವ್ಯತ್ಯಾಸ ಮಿತಿಯೊಳಗೆ ಇದ್ದರೆ ಮಾತ್ರ ಜೋಡಿಯ ಮಾತು.

"ಮಾವ, ನಾವಿಲ್ಲಿ ಟೊರಾಂಟೊದಲ್ಲಿ ಇರೋದು. ಎಡಬ್ಲ್ಯುಡಿ ಇದೆಯಲ್ಲ, ಎರಡು ವಿಂಟರ್ ಟೈರ್ ಸಾಕಲ್ವಾ?"

ಸಾಲದು ಕಣಪ್ಪಾ. ಎಡಬ್ಲ್ಯುಡಿ ನಿನ್ನನ್ನು ಹಿಮದಲ್ಲಿ ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು, ಅದರಲ್ಲಿ ಎಡಬ್ಲ್ಯುಡಿಗೆ ಹೆಚ್ಚಿನದೇನೂ ಸಿಗುವುದಿಲ್ಲ. ನಿಲ್ಲಿಸುವುದು ಟೈರಿನ ರಬ್ಬರ್. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ವಿಂಟರ್ ಟೈರ್ ಆ ಚಳಿಯಲ್ಲೂ ಮೆದುವಾಗೇ ಉಳಿಯುತ್ತದೆ, ಅದರ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ.

ಮುಂದೆ ಮಾತ್ರ ವಿಂಟರ್ ಹಾಕಿದರೆ ತಿರುವಿನಲ್ಲಿ ಮುಂಭಾಗ ಹಿಡಿಯುತ್ತದೆ, ಹಿಂಭಾಗ ಬೀಸುತ್ತದೆ. ಹಿಂದೆ ಮಾತ್ರ ಹಾಕಿದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಎಡಬ್ಲ್ಯುಡಿಯಲ್ಲಿ ಇದು ಇನ್ನೂ ಮೋಸ. ಹೊರಡುವಾಗ ಎಲ್ಲ ಸುಲಭವಾಗಿರುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂದು ಗೊತ್ತೇ ಆಗುವುದಿಲ್ಲ, ಮೊದಲ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಾಗಲೇ ಗೊತ್ತಾಗುವುದು.

ನಾಲ್ಕು ವಿಂಟರ್ ಟೈರ್ ಬೇರೆ ರಿಮ್‌ಗೆ ಹಾಕಿಸಿಟ್ಟುಕೋ. ತೆಗೆದಿಡುವಾಗ ಪ್ರತಿ ಟೈರಿನ ಮೇಲೆ ಎಲ್ಲಿದ್ದದ್ದು ಅಂತ ಬರೆದಿಡು. ಆ ಆರು ತಿಂಗಳು ಬೇಸಿಗೆ ಟೈರ್ ಸವೆಯುವುದಿಲ್ಲ, ಹಾಗಾಗಿ ನೀನು ಅಂದುಕೊಂಡಷ್ಟು ಖರ್ಚು ಜಾಸ್ತಿ ಆಗುವುದಿಲ್ಲ. ಒಂಟಾರಿಯೊದಲ್ಲಿ ವಿಂಟರ್ ಟೈರ್ ಹಾಕಿದವರಿಗೆ ಕಾರಿನ ವಿಮೆಯಲ್ಲಿ ರಿಯಾಯಿತಿ ಕೊಡಬೇಕು ಅಂತ 2016ರಿಂದ ನಿಯಮ ಇದೆ. ಕೇಳಿ ಪಡೆದುಕೋ.

"ಟೈರ್ ಮೇಲೆ ಎಂ+ಎಸ್ ಅಂತಿದೆ. ಅದು ವಿಂಟರ್ ಟೈರೇ ಅಲ್ವಾ?"

ಅಲ್ಲ. ಎಂ+ಎಸ್ ಅಂದರೆ ಕೆಸರು ಮತ್ತು ಹಿಮ. ಅದು ಟ್ರೆಡ್‌ನ ಆಕಾರ ನೋಡಿ ಹಾಕುವ ಗುರುತು. ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇರುತ್ತದೆ. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಚಳಿಗಾಲದ ರಸ್ತೆಗೆ ಬರೀ ಎಂ+ಎಸ್ ನಡೆಯುವುದಿಲ್ಲ, ಬೆಟ್ಟದ ಗುರುತೇ ಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ಎರಡು ಟೈರಿನಲ್ಲಿ ಆ ಗುರುತು ಇದ್ದು, ಎರಡರಲ್ಲಿ ಇಲ್ಲದಿದ್ದರೆ ಅದೂ ಬೆರಕೆಯೇ.

"ರನ್-ಫ್ಲ್ಯಾಟ್ ದುಬಾರಿ. ಎರಡು ರನ್-ಫ್ಲ್ಯಾಟ್, ಎರಡು ಮಾಮೂಲಿ ಹಾಕಬಹುದಾ?"

ಬೇಡ. ರನ್-ಫ್ಲ್ಯಾಟ್ ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್, ಅದರ ಪಕ್ಕದ ಗೋಡೆ ತುಂಬಾ ಗಡಸು. ಮುಂದೆ ಹಿಂದೆ ಗಾಡಿ ಬಾಗುವ ರೀತಿಯೇ ಬೇರೆಯಾಗುತ್ತದೆ. ನಾಲ್ಕೂ ಮಾಮೂಲಿಗೆ ಬದಲಿಸುವುದಾದರೆ ಒಟ್ಟಿಗೆ ಬದಲಿಸಿ. ಆ ಗಾಡಿಗಳಲ್ಲಿ ಸ್ಟೆಪ್ನಿ ಇರುವುದು ಕಡಿಮೆ, ಹಾಗಾಗಿ ಪಂಕ್ಚರ್ ಕಿಟ್ ಇಟ್ಟುಕೊಳ್ಳಿ.

"ಹಳೇ ನೈಲಾನ್ ಟೈರ್ ಎರಡು ಇದೆ. ರೇಡಿಯಲ್ ಜೊತೆ ಹಾಕ್ಲಾ?"

ಯಾವ ಗಾಡಿಗೂ ಬೇಡ. ನೈಲಾನ್ ಹಳೇ ಕಾಲದ ಟೈರ್, ರೇಡಿಯಲ್ ಈಗಿನ ಕಾರುಗಳಿಗೆ ಬರುವುದು, ಎರಡರ ಒಳಗಿನ ಕಟ್ಟೇ ಬೇರೆ.

## ದಾರಿಯಲ್ಲಿ ಕೈಕೊಟ್ಟಾಗ

"ಪಂಕ್ಚರ್ ಆಯ್ತು, ಸಣ್ಣ ಸ್ಟೆಪ್ನಿ ಹಾಕಿದೀನಿ. ಮಂಗಳೂರಿನಿಂದ ಬೆಂಗಳೂರಿಗೆ ಹಾಗೇ ಬರಬಹುದಾ?"

ಬರಬೇಡಿ. ಸಣ್ಣ ಸ್ಟೆಪ್ನಿ ಹತ್ತಿರದ ಪಂಕ್ಚರ್ ಅಂಗಡಿ ಮುಟ್ಟಿಸಲು ಇರುವುದು. ಅದರ ಮೇಲೆಯೇ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮಿತಿ ಬರೆದಿರುತ್ತದೆ. ಎಡಬ್ಲ್ಯುಡಿಯಲ್ಲಿ ಅದಕ್ಕಿಂತ ನಿಧಾನ ಹೋದರೂ ಸುತ್ತಳತೆಯ ವ್ಯತ್ಯಾಸ ಹಾಗೇ ಇರುತ್ತದೆ. ಡಸ್ಟರ್‌ನಂಥ ಗಾಡಿಯಲ್ಲಿ 2ಡಬ್ಲ್ಯುಡಿಗೆ ತಿರುಗಿಸುವ ನಾಬ್ ಇದೆ, ಅಷ್ಟು ಹೊತ್ತು ಅದರಲ್ಲೇ ಓಡಿಸಿ. ಆಟೊಮ್ಯಾಟಿಕ್ ಗೇರಿನ ಹಳೇ ಸುಬಾರುಗಳಲ್ಲಿ ಇದಕ್ಕೆಂದೇ ಬಾನೆಟ್ ಒಳಗೆ ಒಂದು ಫ್ಯೂಸ್ ಜಾಗ ಇತ್ತು. ಫ್ಯೂಸ್ ಹಾಕಿದರೆ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದು ನಿಲ್ಲುತ್ತಿತ್ತು. ನಿಮ್ಮ ಗಾಡಿಗೆ ಅಂಥ ದಾರಿ ಇದೆಯಾ ಅಂತ ಇವತ್ತೇ ಮ್ಯಾನ್ಯುಯಲ್ ತೆಗೆದು ನೋಡಿ. ಶಿರಾಡಿಯ ಕತ್ತಲಲ್ಲಿ, ಮಳೆಯಲ್ಲಿ ಹುಡುಕುವಂತಾಗಬಾರದು.

"ಒಂದೇ ಒಂದು ಟೈರ್ ಪಕ್ಕದಲ್ಲಿ ಸೀಳಿತು. ಉಳಿದ ಮೂರು ಅರ್ಧ ಸವೆದಿದೆ. ನಿಜವಾಗ್ಲೂ ನಾಲ್ಕೂ ತಗೋಬೇಕಾ?"

ಇದು ಎಲ್ಲರಿಗೂ ಹೊಟ್ಟೆ ಉರಿಸುವ ಪ್ರಶ್ನೆ. ಪಕ್ಕದ ಗೋಡೆ ಸೀಳಿದರೆ ಪ್ಯಾಚ್ ಹಾಕಿಸಿ ಉಳಿಸಲು ಆಗುವುದಿಲ್ಲ. ಆದರೆ ನಾಲ್ಕು ಕೊಳ್ಳುವ ಮುಂಚೆ ಒಂದೆರಡು ದಾರಿ ಇದೆ.

ಉಳಿದ ಮೂರನ್ನೂ ಅಳೆಯಿರಿ. ಹೊಸ ಟೈರಿಗೂ ಅವಕ್ಕೂ ಒಂದೂವರೆ ಮಿ.ಮೀ. ಒಳಗೆ ವ್ಯತ್ಯಾಸ ಇದ್ದರೆ ಅದೇ ಮಾಡೆಲ್‌ನ ಒಂದು ತಂದು ಹಾಕಿ, ನೆಮ್ಮದಿಯಾಗಿರಿ. ಅದಕ್ಕಿಂತ ಜಾಸ್ತಿ ಇದ್ದರೆ ಅದೇ ಮಾಡೆಲ್, ಅಷ್ಟೇ ಸವೆದ ಹಳೇ ಟೈರ್ ಒಂದು ಹುಡುಕಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ವಿಚಾರಿಸಿದರೆ ಸಿಗುವುದುಂಟು. ತರುವಾಗ ಒಳಗೆ ಕೈಯಾಡಿಸಿ ಹಳೇ ಪ್ಯಾಚ್ ಇದೆಯಾ ನೋಡಿ. ಪಕ್ಕದಲ್ಲಿರುವ ತಯಾರಿಕೆ ದಿನಾಂಕ ಓದಿ. ಕೊನೆಯ ನಾಲ್ಕು ಅಂಕಿ 2321 ಅಂತಿದ್ದರೆ 2021ರ 23ನೇ ವಾರದಲ್ಲಿ ಮಾಡಿದ್ದು. ತುಂಬಾ ಹಳೆಯದು ಬೇಡ, ಟ್ರೆಡ್ ಇದ್ದರೂ ರಬ್ಬರ್ ಒಣಗಿರುತ್ತದೆ.

ಅಮೆರಿಕದಲ್ಲಿ ಇರುವವರಿಗೆ ಇನ್ನೊಂದು ದಾರಿ ಇದೆ. ಹೊಸ ಟೈರನ್ನು ಉಳಿದ ಮೂರರ ಮಟ್ಟಕ್ಕೆ ಯಂತ್ರದಲ್ಲಿ ಕೆತ್ತಿ ಕೊಡುವ ಅಂಗಡಿಗಳು ಅಲ್ಲಿವೆ. ಹೊಸ ರಬ್ಬರ್ ಕೆತ್ತಿಸುವುದು ಕೇಳಿದರೆ ಸಂಕಟ ಆಗುತ್ತದೆ, ಆದರೆ ಮೂರು ಒಳ್ಳೆಯ ಟೈರ್ ಉಳಿಯುತ್ತವೆ. ನಮ್ಮಲ್ಲಿ ರೀಸೋಲ್ ಅಂಗಡಿಯಲ್ಲಿ ಹಾಗೆ ಉಜ್ಜಿಸಲು ಹೋಗಬೇಡಿ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಉಜ್ಜಿದರೆ ಟೈರ್ ಅಲುಗಾಡುತ್ತದೆ.

ಮೂರೂ 3 ಮಿ.ಮೀ. ಹತ್ತಿರ ಬಂದಿದ್ದರೆ ಯೋಚನೆ ಬೇಡ, ನಾಲ್ಕೂ ತೆಗೆದುಕೊಳ್ಳಿ. ನಮ್ಮ ಕಾನೂನಿನಲ್ಲಿ ಕಾರಿನ ಟೈರಿಗೆ 1.6 ಮಿ.ಮೀ. ಕನಿಷ್ಠ. ಮಲೆನಾಡಿನ ಮಳೆಗೆ ಅದು ಯಾವ ಲೆಕ್ಕಕ್ಕೂ ಸಾಲದು. ಹೇಗೂ ಮುಂದಿನ ಮಳೆಗಾಲಕ್ಕೆ ಅವು ಬದಲಾಗಬೇಕಾದ ಟೈರ್‌ಗಳೇ.

"ಆಗಲೇ ಆರು ತಿಂಗಳಿಂದ ಬೇರೆ ಬೇರೆ ಟೈರಲ್ಲಿ ಓಡಿಸ್ತಿದ್ದೀನಿ. ಗಾಡಿ ಹಾಳಾಗಿದೆಯಾ ಅಂತ ಗೊತ್ತಾಗೋದು ಹೇಗೆ?"

ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಬನ್ನಿ. ಗಾಡಿ ಸಲೀಸಾಗಿ ಉರುಳಬೇಕು. ಹಿಡಿದು ಬಿಟ್ಟ ಹಾಗೆ, ಯಾರೋ ಬ್ರೇಕ್ ಒತ್ತಿದ ಹಾಗೆ ಅನಿಸಿದರೆ ಕಪ್ಲಿಂಗ್ ಬಿಗಿದುಕೊಂಡಿದೆ. ಹೈವೇಯಲ್ಲಿ ಒಂದು ವೇಗದ ಮೇಲೆ ಗುಂಯ್ ಅನ್ನುವ ಸದ್ದು, ದೂರ ಓಡಿದ ಮೇಲೆ ಗಾಡಿಯಡಿಯಿಂದ ಸುಟ್ಟ ಆಯಿಲ್ ವಾಸನೆ, ಡ್ಯಾಶ್‌ಬೋರ್ಡಿನಲ್ಲಿ ಎಡಬ್ಲ್ಯುಡಿ ದೀಪ, ಇವೆಲ್ಲ ಗಮನಿಸಬೇಕಾದವು. ಕಪ್ಲಿಂಗ್ ಬಿಸಿಯಾದರೆ ಕೆಲವು ಗಾಡಿಗಳು ತಾವೇ ಹಿಂದಿನ ಡ್ರೈವ್ ಬಿಡಿಸಿಕೊಳ್ಳುತ್ತವೆ. ಆಗ ನಿಮ್ಮದು ಬರೀ ಮುಂದಿನ ಚಕ್ರದ ಕಾರು.

ಏನೂ ಲಕ್ಷಣ ಇಲ್ಲದಿದ್ದರೆ ಹೆದರಬೇಡಿ. ಮೊದಲು ಟೈರ್ ಸರಿ ಮಾಡಿಸಿ, ಆಮೇಲೆ ಕಪ್ಲಿಂಗ್ ಮತ್ತು ಡಿಫರೆನ್ಷಿಯಲ್ ಆಯಿಲ್ ಬದಲಿಸಿ. ತೆಗೆದ ಆಯಿಲ್ ಬಣ್ಣ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಲೋಹದ ಪುಡಿ ಹೊಳೆದರೆ, ತಿಳಿದ ಮೆಕ್ಯಾನಿಕ್ ಹತ್ತಿರ ತೋರಿಸಿ.

"ಟೈರ್ ಎಲ್ಲಾ ಒಂದೇ, ಗಾಳಿ ಮಾತ್ರ ಹೆಚ್ಚುಕಮ್ಮಿ ಇದ್ರೆ?"

ರೇಡಿಯಲ್ ಟೈರಿನೊಳಗೆ ಉಕ್ಕಿನ ಪಟ್ಟಿ ಇರುವುದರಿಂದ ಗಾಳಿ ಸ್ವಲ್ಪ ಇಳಿದರೆ ಸುತ್ತಳತೆ ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ಕಡಿಮೆ ಗಾಳಿಯ ಟೈರ್ ಬೇಗ ಸವೆಯುತ್ತದೆ, ಆಮೇಲೆ ಆ ಸವೆತವೇ ವ್ಯತ್ಯಾಸ ಆಗುತ್ತದೆ. ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸಿ.

"ನಾಲ್ಕೂ ಒಂದೇ ಸಮ ಸವೆಯೋ ಹಾಗೆ ಮಾಡೋದು ಹೇಗೆ?"

8,000 ರಿಂದ 10,000 ಕಿ.ಮೀ.ಗೊಮ್ಮೆ ಟೈರ್ ಜಾಗ ಬದಲಿಸಿ. ಎಡಬ್ಲ್ಯುಡಿಗೆ 8,000 ಒಳ್ಳೆಯದು. ಘಾಟಿ ರಸ್ತೆಯಲ್ಲಿ ಜಾಸ್ತಿ ಓಡುವ ಗಾಡಿಗೆ ಮುಂದಿನ ಟೈರಿನ ಹೊರ ಅಂಚು ಬೇಗ ಹೋಗುತ್ತದೆ. ಥಾರ್‌ನಂತೆ ಹಿಂದಿನ ಬಾಗಿಲಿಗೆ ಪೂರ್ತಿ ಸೈಜಿನ ಸ್ಟೆಪ್ನಿ ನೇತುಹಾಕಿರುವ ಗಾಡಿಯಾದರೆ ಐದನ್ನೂ ಸರದಿಯಲ್ಲಿ ಓಡಿಸಿ. ಸ್ಟೆಪ್ನಿ ಸುಮ್ನೆ ಬಿಸಿಲಿಗೆ ಒಣಗುವ ಬದಲು ಉಳಿದವುಗಳ ಜೊತೆಗೇ ಸವೆಯುತ್ತದೆ. ಒಂದು ಟೈರ್ ಸೀಳಿದ ದಿನ ಹೊಂದುವ ಟೈರ್ ನಿಮ್ಮ ಗಾಡಿಯ ಬೆನ್ನ ಮೇಲೇ ಇರುತ್ತದೆ.

## ಇನ್ನೂ ಆಳಕ್ಕೆ ಕೇಳುವವರಿಗೆ

"ಒಂದು ಹೊಸ ಟೈರ್ ಮುಂದೆ, ಒಂದು ಹಿಂದೆ, ಓರೆಯಾಗಿ ಹಾಕಿದ್ರೆ ಲೆಕ್ಕ ಸರಿ ಹೋಗಲ್ವಾ?"

ಈ ಪ್ರಶ್ನೆ ಕೇಳುವವರು ನಿಜವಾಗಿ ಯೋಚನೆ ಮಾಡಿರುತ್ತಾರೆ. ಆಕ್ಸಲ್ (ಎಡ ಬಲ ಚಕ್ರಗಳನ್ನು ಜೋಡಿಸುವ ದಂಡ) ನಡುವಿನ ಡಿಫರೆನ್ಷಿಯಲ್ ಆ ಎರಡು ಚಕ್ರಗಳ ವೇಗದ ಸರಾಸರಿಯನ್ನು ಶಾಫ್ಟಿಗೆ ಕೊಡುತ್ತದೆ. ಎರಡೂ ಆಕ್ಸಲ್‌ನಲ್ಲಿ ಒಂದು ಹೊಸದು, ಒಂದು ಹಳೆಯದು ಇದ್ದರೆ ಸರಾಸರಿ ಒಂದೇ ಆಗುತ್ತದೆ. ಕಪ್ಲಿಂಗ್‌ಗೆ ವ್ಯತ್ಯಾಸ ಕಾಣುವುದಿಲ್ಲ. ಲೆಕ್ಕ ಸರಿ.

ಆದರೆ ಆ ಭಾರ ಈಗ ಎರಡೂ ಆಕ್ಸಲ್‌ನ ಡಿಫರೆನ್ಷಿಯಲ್ ಮೇಲೆ ಬಿತ್ತು. ನೇರ ರಸ್ತೆಯಲ್ಲೂ ಅವು ತಿರುವಿನಲ್ಲಿದ್ದ ಹಾಗೆ ತಿರುಗುತ್ತಲೇ ಇರಬೇಕು. ಅದಕ್ಕಿಂತ ಕೆಟ್ಟದ್ದು ಮಳೆಯಲ್ಲಿ ಆಗುತ್ತದೆ. ಒಂದೇ ಆಕ್ಸಲ್‌ನ ಒಂದು ಟೈರ್ ನೀರು ಸರಿಸುತ್ತದೆ, ಇನ್ನೊಂದು ನೀರಿನ ಮೇಲೆ ತೇಲುತ್ತದೆ. ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಾಗಾಗಿ ಬೇಡ.

ಇದೇ ಲೆಕ್ಕದಲ್ಲಿ ಇನ್ನೊಂದು ಮಾತು. ನಾಲ್ಕರಲ್ಲಿ ಒಂದು ಮಾತ್ರ ಹೊಸದಾದರೆ ಕಪ್ಲಿಂಗ್‌ಗೆ ಕಾಣುವುದು ಅರ್ಧ ವ್ಯತ್ಯಾಸ. ಒಂದೇ ಆಕ್ಸಲ್‌ಗೆ ಜೋಡಿ ಹಾಕಿದರೆ ಪೂರ್ತಿ ವ್ಯತ್ಯಾಸ. ಬೇರೆ ಕಾರುಗಳಿಗೆ ಒಳ್ಳೆಯದಾದ "ಜೋಡಿ ಹಾಕಿ" ಅನ್ನುವ ಸಲಹೆ ಎಡಬ್ಲ್ಯುಡಿಗೆ ಬಂದಾಗ ಉಲ್ಟಾ ಹೊಡೆಯುವುದು ಇದರಿಂದಲೇ.

"ಎಲ್ಲಾ ಎಡಬ್ಲ್ಯುಡಿಗೂ ಅಷ್ಟೇ ಅಪಾಯನಾ? ನಂದು ಹಾಲ್ಡೆಕ್ಸ್."

ಒಳಗಿನ ಏರ್ಪಾಡಿನ ಮೇಲೆ ಹೋಗುತ್ತದೆ. ಹಾಲ್ಡೆಕ್ಸ್ ಅನ್ನುವುದು ಒಂದು ಬಗೆಯ ಕಪ್ಲಿಂಗ್ ಹೆಸರು, ಅಂಥದ್ದರಲ್ಲಿ ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಪ್ಲೇಟ್‌ಗಳಿರುತ್ತವೆ, ಕಂಪ್ಯೂಟರ್ ಅವನ್ನು ಒತ್ತುತ್ತದೆ, ಬಿಡುತ್ತದೆ. ಪೂರ್ತಿ ಬಿಟ್ಟಾಗ ವ್ಯತ್ಯಾಸ ಹೆಚ್ಚು ಕಾಡುವುದಿಲ್ಲ. ಆದರೆ ಚಕ್ರಗಳ ವೇಗ ಬೇರೆ ಬೇರೆ ಕಂಡರೆ ಕಂಪ್ಯೂಟರ್ ಅದನ್ನು ಜಾರುವಿಕೆ ಅಂದುಕೊಂಡು ಪ್ಲೇಟ್ ಒತ್ತಬಹುದು. ವಿಸ್ಕಸ್ ಕಪ್ಲಿಂಗ್ ಇನ್ನೂ ಸೂಕ್ಷ್ಮ. ಅದರೊಳಗಿನ ಸಿಲಿಕೋನ್ ದ್ರವ ಜಾರುತ್ತಾ ಜಾರುತ್ತಾ ಬಿಸಿಯಾಗಿ ಬಿಗಿಯುತ್ತದೆ, ಕಂಪ್ಯೂಟರ್ ಬಂದು ಬಿಡಿಸುವಂತಿಲ್ಲ. ಟಾರ್ಸನ್ ಅನ್ನುವ ಡಿಫರೆನ್ಷಿಯಲ್ ಪೂರ್ತಿ ಗೇರುಗಳಿಂದ ಆದದ್ದು, ಸ್ವಲ್ಪ ವ್ಯತ್ಯಾಸ ತಾಳಿಕೊಳ್ಳುತ್ತದೆ, ಆದರೆ ಅದೂ ಸದಾ ಉಜ್ಜುತ್ತಿದ್ದರೆ ಸವೆಯುತ್ತದೆ.

"ನನ್ನ ಬಿಎಂಡಬ್ಲ್ಯು ಎಕ್ಸ್‌ಡ್ರೈವ್‌ಗೆ ಕಂಪನಿಯವರೇ ಹಿಂದೆ ಅಗಲ ಟೈರ್ ಕೊಟ್ಟಿದ್ದಾರಲ್ಲ, ಅದು ಬೆರಕೆ ಅಲ್ವಾ?"

ಅಗಲ ಬೇರೆ, ಸುತ್ತಳತೆ ಹೆಚ್ಚುಕಮ್ಮಿ ಒಂದೇ ಇರುವ ಹಾಗೆ ಕಂಪನಿ ಜೋಡಿಸಿರುತ್ತದೆ. ಆ ಲೆಕ್ಕ ತಪ್ಪಬಾರದು ಅಂತಲೇ ಟೈರ್ ಮೇಲೆ ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಓ, ಆಡಿಗೆ ಎಓ ಗುರುತು ಇರುತ್ತದೆ. ಹಾಕುವಾಗ ಅದೇ ಗುರುತಿನದು ಕೇಳಿ. ಇಂಥ ಗಾಡಿಯಲ್ಲಿ ಮುಂದಿನದನ್ನು ಹಿಂದಕ್ಕೆ ಹಾಕಲು ಆಗುವುದಿಲ್ಲ. ಹಾಗಾಗಿ ಮುಂದೆ ಹಿಂದೆ ಬೇರೆ ವೇಗದಲ್ಲಿ ಸವೆಯುತ್ತವೆ, ಆಗಾಗ ಅಳೆಯುತ್ತಿರಬೇಕು.

"ಎಲೆಕ್ಟ್ರಿಕ್ ಕಾರಲ್ಲಿ ಮುಂದೊಂದು ಮೋಟರ್, ಹಿಂದೊಂದು ಮೋಟರ್. ನಡುವೆ ಶಾಫ್ಟೇ ಇಲ್ಲ. ಈಗಲಾದ್ರೂ ಬೇರೆ ಬೇರೆ ಹಾಕಬಹುದಾ?"

ಹ್ಯಾರಿಯರ್ ಇವಿಯ ಎರಡು ಮೋಟರ್ ಮಾದರಿಯಂಥ ಗಾಡಿಯಲ್ಲಿ ಸುಡಲು ಕಪ್ಲಿಂಗ್ ಇಲ್ಲ, ಅದು ನಿಜ. ಆ ಒಂದು ಭಯ ಇಲ್ಲವಾಯಿತು. ಆದರೆ ಯಾವ ಚಕ್ರ ಜಾರುತ್ತಿದೆ ಅಂತ ಗಾಡಿ ತಿಳಿಯುವುದು ಚಕ್ರದ ವೇಗ ನೋಡಿಯೇ. ಸುತ್ತಳತೆ ಬೇರೆ ಇದ್ದರೆ ಆ ಅಂದಾಜು ತಪ್ಪುತ್ತದೆ. ಒಂದು ಆಕ್ಸಲ್‌ಗೆ ಎಟಿ, ಇನ್ನೊಂದಕ್ಕೆ ಎಚ್‌ಟಿ ಹಾಕಿದರೆ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಆಗುವುದು ಪೆಟ್ರೋಲ್ ಗಾಡಿಯಲ್ಲಿ ಆದದ್ದೇ.

ಇಲ್ಲಿ ಇನ್ನೊಂದನ್ನು ನೋಡಲೇಬೇಕು, ಟೈರ್ ಹೊರುವ ಭಾರ. ಬ್ಯಾಟರಿಯಿಂದ ಈ ಗಾಡಿಗಳು ಭಾರ ಜಾಸ್ತಿ. ಟೈರ್ ಪಕ್ಕದಲ್ಲಿ ಸೈಜ್ ಆದ ಮೇಲೆ 98ಎಚ್ ಥರದ ಅಂಕಿ ಇರುತ್ತದೆ. 98 ಅಂದರೆ ಆ ಒಂದು ಟೈರ್ 750 ಕೆ.ಜಿ. ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ. ಅದೇ ಸೈಜಿನ, ಕಡಿಮೆ ಭಾರ ಹೊರುವ ಟೈರ್ ಎರಡು ಅಗ್ಗಕ್ಕೆ ಸಿಕ್ಕಿತು ಅಂತ ಹಾಕಿಸಬೇಡಿ. ಬಾಗಿಲ ಅಂಚಿನ ಸ್ಟಿಕ್ಕರ್ ಅಥವಾ ಮ್ಯಾನ್ಯುಯಲ್‌ನಲ್ಲಿ ಬರೆದ ಅಂಕಿಗಿಂತ ಕಡಿಮೆ ಇರುವ ಟೈರನ್ನು ಅಂಗಡಿಯವರು ಎಷ್ಟೇ ಒತ್ತಾಯ ಮಾಡಿದರೂ ವಾಪಸ್ ಕೊಡಿ.